ಆಚೆ ದಂಡೆ

ಮೆಣಸಗಿ

ದೋಣಿ ಮಾಲೀಕರಾದ ಗಣಪು ಹರಿಕಂತ್ರ ಅವರಿಗೆ ನಮಸ್ಕಾರ.

ನಾನು ಭಾಗ್ಯಾ. ಬೇಸಿಗೆ ರಜೆಗೆ ನಿಮ್ಮ ಊರಿಗೆ ಬಂದು, ನಿಮ್ಮ ದೋಣಿಯಲ್ಲಿ ಗಾಳ ಹಾಕುತ್ತಿದ್ದಾಗ ಮೀನು ಎಳೆದ ರಭಸಕ್ಕೆ ಕಡಲಿಗೆ ಬಿದ್ದರಲ್ಲ, ಆ ಬೀರಲಿಂಗ ಅವರ ಹೆಂಡತಿ.

ನಿಮ್ಮ ತಪ್ಪಿಲ್ಲವೆಂದು ಪೊಲೀಸರಿಗೆ ಬರೆದುಕೊಟ್ಟಿದ್ದೇನೆ. ಇನ್ನು ನಿಮ್ಮನ್ನು ಕರೆಯಲಾರರು. ಲೈಫ್ ಜಾಕೆಟ್ ಬಿಚ್ಚಬೇಡಿ ಎಂದು ನೀವು ಬೈದದ್ದನ್ನು ನಾನೇ ಕೇಳಿದ್ದೇನೆ. ನೀವು ಎಸೆದ ಹಗ್ಗ ಅವರ ಕೈಗೆ ತಾಗಿತ್ತು. "ಬ್ಯಾಡ್ರಿ, ನೀರ ತಾನಾ ದಂಡಿಗೆ ಹಚ್ಚತೈತಿ" ಎಂದು ನಕ್ಕು ಬಿಟ್ಟುಬಿಟ್ಟರು. ಮಲಪ್ರಭೆಯ ಮಹಾಪೂರದಲ್ಲಿ ನಮ್ಮವರು ಹಾಗೆಯೇ ಈಜುತ್ತಾರೆ. ಸೆಳವಿಗೆ ಎದುರು ಬೀಳದೆ ಅದರೊಡನೆ ಹೋದರೆ ಮುಂದೆ ಎಲ್ಲೋ ಒಂದು ದಂಡೆ ಸಿಗುತ್ತದೆ. ನಿಮ್ಮ ನೀರಿಗೆ ಆಚೆ ದಂಡೆ ಇಲ್ಲವೆಂಬುದು ಅವರಿಗೆ ನೆನಪಾಗಲಿಲ್ಲ. ನನಗೂ ಆಗಲಿಲ್ಲ, ನಾನು ನಗುತ್ತ ವಿಡಿಯೊ ಮಾಡುತ್ತಿದ್ದೆ.

ದೇಹ ಇನ್ನೂ ಸಿಕ್ಕಿಲ್ಲವಾದ್ದರಿಂದ ಒಂದು ಕೆಲಸ ಹೇಳುತ್ತೇನೆ, ಬೇಸರಿಸಬೇಡಿ. ನಿಮ್ಮ ಕಡೆಯವರ ಬಲೆಗೆ ಅವರ ಸೊಂಟದಲ್ಲಿದ್ದ ಬೆಳ್ಳಿಯ ಉಡಿದಾರ ಸಿಕ್ಕರೆ ನನಗೆ ಮಾತ್ರ ಫೋನ್ ಮಾಡಿ. ನಮ್ಮ ಅತ್ತೆ ಸುಶೀಲವ್ವನಿಗೆ ಬೇಡ. ಅವರು ದಿನಾ ಸಂಜೆ ಹೊಳೆಯ ದಂಡೆಗೆ ಹೋಗಿ ಕೂರುತ್ತಾರೆ. ಕರೆಯಲು ಹೋದರೆ, "ನಮ್ಮ ಹೊಳಿನೂ ಕಡಲಿಗೇ ಹೋಗತೈತಿ. ಅದೇ ದಾರಿ ಹಿಡಕೊಂಡು ನನ್ನ ಮಗ ಬರ್ತಾನ" ಎನ್ನುತ್ತಾರೆ.

ನಮ್ಮ ಹೊಳೆ ಹರಿಯುವುದು ಮೂಡಲಿಗೆ. ಅದು ಸೇರುವುದು ಬೇರೆ ಕಡಲನ್ನು, ನಿಮ್ಮದನ್ನಲ್ಲ. ಅದನ್ನು ನಾನಿನ್ನೂ ಅವರಿಗೆ ಹೇಳಿಲ್ಲ.

ಇಂತಿ,
ಭಾಗ್ಯಾ