ನೆರಳು ಕಚೇರಿಯ ‘ನೋಡೂಣ’

ಹುಬ್ಬಳ್ಳಿ, ಫೆಬ್ರವರಿ 30, 2214

ನಮಗಿಂತ ಇನ್ನೂರು ವರ್ಷ ಹಿಂದೆ ಬದುಕುತ್ತಿರುವ ಹಿರಿಯರಿಗೆ ನೀಲಗಂಗಾ ಕುರಡಿಕೇರಿಯ ನಮಸ್ಕಾರಗಳು.

ತಾರೀಖು ನೋಡಿ ಹುಡುಗಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳು ವರ್ಷದ ಕೊನೆಗೆ ರಜೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಆದರೆ ನಾನು ದೂರು ಹೇಳಹೊರಟಿರುವ ಮಾತು ಮಾತ್ರ ನಿಮ್ಮ ಕಾಲದ್ದೇ ಅಂತ ಕೇಳಿದ್ದೇನೆ.

ಹೋದ ತಿಂಗಳವರೆಗೆ ನಾನು ಧಾರವಾಡದಲ್ಲಿ ಓದುತ್ತಿದ್ದೆ. ಬೆಳಗಿನ ಜಾವ ಪಾಠ, ಬಿಸಿಲೇರಿದ ಮೇಲೆ ನೆಲಮನೆಯಲ್ಲಿ ನಿದ್ದೆ, ಸಂಜೆಯೆಲ್ಲ ವಾದ. ನೆಲಮನೆ ಅಂದರೆ ಭೂಮಿಯ ಕೆಳಗೆ ಕಟ್ಟಿದ ತಂಪು ಕೋಣೆ. ಸಂಶಯ ಕೇಳಿದರೆ ನಮ್ಮ ಮೇಡಂ ‘ನೋಡೂಣ’ ಅಂದು ಎದ್ದೇಬಿಡುತ್ತಿದ್ದರು. ಗಿಡದ ಸಂಶಯವಾದರೆ ಗಿಡದ ಬುಡಕ್ಕೆ, ಗೋಡೆಯ ಸಂಶಯವಾದರೆ ಗೋಡೆಯ ಹತ್ತಿರ. ಅವರ ಹಿಂದೆ ನಾವು. ಆ ಪದಕ್ಕೆ ಬೇರೆ ಅರ್ಥವಿದೆ ಅಂತ ನನಗೆ ಯಾರೂ ಕಲಿಸಲಿಲ್ಲ.

ಈಗ ಹುಬ್ಬಳ್ಳಿಯ ನೆರಳು ಕಚೇರಿ ಸೇರಿದ್ದೇನೆ. ನಮ್ಮ ಬಿಸಿಲು ನಿಮ್ಮ ಬಿಸಿಲಲ್ಲ. ಓಣಿಗಳ ಮೇಲೆ ದೊಡ್ಡ ಬಟ್ಟೆ ಎಳೆಯುತ್ತೇವೆ. ಬಟ್ಟೆ ಸಾಲದ್ದರಿಂದ ಓಣಿಗಳಿಗೆ ಪಾಳಿ ಹಚ್ಚುತ್ತೇವೆ. ಕೂತು ಕೂತು ನನ್ನ ಸೊಂಟ ಹಿಡಿದಿದೆ. ಬುತ್ತಿಯನ್ನು ಹಸಿವಾದಾಗಲ್ಲ, ಗಂಟೆ ಹೊಡೆದಾಗ ಬಿಚ್ಚಬೇಕಂತೆ! ಇದಕ್ಕೆಲ್ಲ ಹೇಗೋ ಒಗ್ಗಿಕೊಂಡೆ.

ಮೊದಲ ವಾರವೇ ಫಕೀರವ್ವ ಬಂದರು. ಹೆತ್ತ ಹೆಂಗಸರನ್ನೂ ಕೂಸುಗಳನ್ನೂ ನೋಡಿಕೊಳ್ಳುವ ಬಾಣಂತಿಮನೆ ನಡೆಸುವವರು. ಅವರ ಅಂಗಳಕ್ಕೆ ಮಧ್ಯಾಹ್ನದ ನೆರಳು ಬೇಕಿತ್ತು. ನಾನು ಒಳಗೆ ಓಡಿದೆ. ನಮ್ಮ ಹೆಬಸೂರ ಸಾಹೇಬರು ಯಾರ ಮನಸ್ಸನ್ನೂ ನೋಯಿಸುವವರಲ್ಲ. ‘ನೋಡೂಣ ತಗೋರಿ’ ಅಂದರು. ನಾನು ಹಿಗ್ಗಿ ಹೊರಗೆ ಬಂದು, ‘ಆತಂತ ತಿಳ್ಕೋರಿ ಯವ್ವಾ’ ಅಂದುಬಿಟ್ಟೆ. ಅವರು ನನ್ನ ಮಾತು ನಂಬಿ ಅಂಗಳದಲ್ಲಿ ತೊಟ್ಟಿಲು ಕಟ್ಟಿಸಿ, ಇನ್ನಷ್ಟು ಬಾಣಂತಿಯರನ್ನು ಸೇರಿಸಿಕೊಂಡರು. ಬಟ್ಟೆ ಬರಲಿಲ್ಲ.

ಸಾಹೇಬರ ಮುಂದೆ ಹೋಗಿ, ‘ನಡೀರಿ ಸರ್, ನೋಡೂಣ’ ಅಂದೆ. ಕಚೇರಿಗೆ ಕಚೇರಿಯೇ ನಕ್ಕಿತು. ಪಕ್ಕದ ಮೇಜಿನ ಜುಲೇಖಕ್ಕ ನನ್ನನ್ನು ಬದಿಗೆ ಕರೆದರು. ‘ಇಲ್ಲೆ ನೋಡೂಣ ಅಂದ್ರ ಆಗೂದಿಲ್ಲ ಅಂತ ಅರ್ಥ, ತಂಗಿ. ಬಾಯಿಬಿಟ್ಟು ಆಗೂದಿಲ್ಲ ಅಂದ್ರ ಕಾರಣ ಬರದು ಕೊಡಬೇಕಾಗ್ತದ. ನೌಕರಿ ಕಾಯಂ ಆಗೂತನಾ ನೀನೂ ಹಂಗs ಅನ್ನು.’ ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು.

ನಿನ್ನೆ ಫಕೀರವ್ವ ಒಂದು ಕೂಸನ್ನು ಎತ್ತಿಕೊಂಡೇ ಬಂದರು. ‘ಏನಾತವ್ವ ನಮ್ಮ ನೆರಳು?’ ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಜುಲೇಖಕ್ಕ ಹೇಳಿಕೊಟ್ಟದ್ದು ನಾಲಿಗೆಯ ತುದಿಗೆ ಬಂದಿತ್ತು. ಕೂಸಿನ ಮೈತುಂಬ ಬೆವರುಸಾಲೆ ಎದ್ದಿತ್ತು. ಅದನ್ನು ನೋಡಿ ನನಗೆ ಅಳುವೇ ಬಂತು. ‘ಆಗೂದಿಲ್ಲ ಯವ್ವಾ. ಬಟ್ಟಿ ಇಲ್ಲ. ಈ ಬ್ಯಾಸಗಿ ಮುಗಿಯೂತನಾ ಆಗೂದಿಲ್ಲ’ ಅಂದೆ.

ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಸೆರಗಿನಿಂದ ಕೂಸಿನ ಕುತ್ತಿಗೆ ಒರೆಸುತ್ತಾ, ‘ಇದನ್ನ ಅವತ್ತs ಹೇಳಿದ್ರ ಎಲ್ಲಾರ್ನೂ ನಮ್ಮ ತಂಗಿಯ ನೆಲಮನಿಗೆ ಕರಕೊಂಡು ಹೋಗ್ತಿದ್ದೆನಲ್ಲವ್ವಾ’ ಅಂದರು. ಅಷ್ಟೇ. ಸಂಜೆಯೊಳಗೆ ತೊಟ್ಟಿಲುಗಳೆಲ್ಲ ಅಲ್ಲಿಗೆ ಹೋದವು.

ಸಾಹೇಬರು ಕಾರಣ ಬರೆದು ಕೊಡಲು ಹೇಳಿದ್ದಾರೆ. ಮುಖ ಬಿಗಿದುಕೊಂಡಿದ್ದಾರೆ. ನೌಕರಿ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಭಯವಾಗುತ್ತಿದೆ, ಸುಳ್ಳೇಕೆ ಹೇಳಲಿ.

ನಿಮ್ಮ ಕಚೇರಿಗಳಿಗೂ ಈಗಷ್ಟೇ ಓದು ಮುಗಿಸಿದ ಮಕ್ಕಳು ಬರುತ್ತಿರಬಹುದು. ಅವರಿಗೆ ನಗುನಗುತ್ತಾ ಜಾರಿಕೊಳ್ಳುವುದನ್ನು ಕಲಿಸಬೇಡಿ. ಆಗದ್ದನ್ನು ಆಗದು ಅಂತ ಅದೇ ದಿನ ಹೇಳಲು ಬಿಡಿ. ಎದುರಿಗೆ ನಿಂತವರು ಹೋಗಬಹುದಾದ ಇನ್ನೊಂದು ಬಾಗಿಲು ಎಲ್ಲೋ ತೆರೆದಿರುತ್ತದೆ. ಆದರೆ ನಮ್ಮ ಮಾತು ನಂಬಿ ಅವರು ಇಲ್ಲೇ ಬಿಸಿಲಲ್ಲಿ ನಿಂತಿರುತ್ತಾರೆ.