ಒಣ ಹಾಳೆ

ಮಾರ್ಚ್ 4, ಬೆಳಿಗ್ಗೆ

ನಿನ್ನೆ ಕಂಪ್ಯೂಟರಿಗೆ ಹಾಕಿದ್ದ ಲೆಕ್ಕ ಮುಗಿದಿದೆ. ಗ್ರಾಫೀನ್ ಎಂಬ ತೆಳು ಇಂಗಾಲದ ಹಾಳೆ, ಅದರ ಮೇಲೆ ಟೊಲುಯೀನ್‌ನ ಒಂದು ಅಣು — ಪೇಂಟ್ ಥಿನ್ನರ್‌ನಲ್ಲಿರುವ ವಿಷ. ಎಲ್ಲಿಂದ ಬಿಟ್ಟರೂ ಬಂದು ಮಲಗುತ್ತದೆ. ಗೋಡೆಗೆ ಹಲ್ಲಿ ಅಂಟಿದ ಹಾಗೆ.

ವಿಭಾಗದ ಮುಖ್ಯಸ್ಥರು ಬಾಗಿಲಲ್ಲೇ ನಿಂತು, "ಮುಗೀತಾ?" ಎಂದರು. ನಾವು ಅವರಿಗೆ ಇಟ್ಟ ಹೆಸರೂ ಅದೇ. ಮುಗೀತಾ ಸಾರ್.

"ಮುಗೀತು ಸಾರ್. ಚೆನ್ನಾಗಿ ಅಂಟುತ್ತೆ."

"ಹಾಗಾದ್ರೆ ಮಾಸ್ಕ್ ಮಾಡೋರಿಗೆ ಹೇಳ್ಬಿಡ್ತೀನಿ."

ಮಾರ್ಚ್ 19

ಗ್ರಾಫೀನ್ ಫಿಲ್ಟರಿನ ಮಾಸ್ಕ್ ಬಂತು. ಟ್ರಯಲ್‌ಗೆ ಸ್ಪ್ರೇ ಪೇಂಟರ್‌ಗಳು ಬೇಕಂತೆ. ಅಕ್ಕನ ಹೆಸರು ಕೊಟ್ಟವಳು ನಾನೇ. ಕಾರಿಗೆ ಬಣ್ಣ ಹೊಡೆಯುವ ಶೆಡ್ಡಿನಲ್ಲಿ ಅವಳ ಕೆಲಸ. ಹಳೆಯ ಇದ್ದಿಲು ಮಾಸ್ಕಿನಲ್ಲಿ ಉಸಿರು ಕಟ್ಟುತ್ತದೆಂದು ದಿನವೂ ಗೊಣಗುತ್ತಿದ್ದಳು.

ಹಾಕಿಕೊಂಡು ಕನ್ನಡಿ ನೋಡಿದಳು. "ಹಗುರ ಇದೆ ಕಣೇ. ಮೂತಿ ಮಾತ್ರ ಕೋತಿದು."

ಭಾವ ಪೇಪರಿನಿಂದ ತಲೆ ಎತ್ತಲಿಲ್ಲ. "ಅದಕ್ಕೆ ಮಾಸ್ಕ್ ಏನ್ ಮಾಡುತ್ತೆ, ಪಾಪ."

ಏಪ್ರಿಲ್ 2

ಅಕ್ಕ ಊಟದ ಡಬ್ಬಿ ಮರೆತಿದ್ದಳು. ಶೆಡ್ಡಿಗೆ ಒಯ್ದೆ. ಅಲ್ಲಿ ಧೂಳು ಏಳದಿರಲೆಂದು ಬಣ್ಣ ಹೊಡೆಯುವ ಮುಂಚೆ ನೆಲಕ್ಕೆಲ್ಲ ನೀರು ಹೊಡೆಯುತ್ತಾರೆ. ಹಸಿ ಬಣ್ಣದ ಮೇಲೆ ಒಂದು ಕಣ ಕೂತರೂ ಕೆಲಸ ಕೆಟ್ಟಿತು. ಬಾಗಿಲು ಮುಚ್ಚಿದ ಕೋಣೆ. ಗೋಡೆ ಬೆವರುತ್ತಿತ್ತು. ಅಕ್ಕ ಮಾಸ್ಕ್ ತೆಗೆದಾಗ ಒಳಗೂ ಹನಿ.

ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ನನ್ನ ಮಾಡೆಲ್‌ನಲ್ಲಿ ನೀರೇ ಇಲ್ಲ. ಹಾಳೆಯೂ ಪುಸ್ತಕದಲ್ಲಿರುವಂಥದ್ದು — ಒಂದು ಹರುಕಿಲ್ಲ...

ಏಪ್ರಿಲ್ 3

ನೀರಿನ ಅಣು ಸೇರಿಸಿದೆ. ಶೆಡ್ಡಿನ ಶಾಖವನ್ನೂ. ಹಾಳೆಯನ್ನು ಕಾರ್ಖಾನೆಯಿಂದ ಬರುವಂತೆಯೇ ಹರಿದೆ — ಅಂಚಿಗೆ ಆಮ್ಲಜನಕ. ಲೆಕ್ಕ ಓಡುತ್ತಿದೆ.

ಏಪ್ರಿಲ್ 9

ಬಂತು. ನೀರು ಹರುಕಿನ ಅಂಚಿಗೆ ಮೊದಲು ಬಂದು ಕೂರುತ್ತದೆ, ಗುಂಪು ಕಟ್ಟುತ್ತದೆ. ಟೊಲುಯೀನ್‌ಗೆ ಜಾಗವಿಲ್ಲ. ಅಂಟಿದ್ದೂ ಎದ್ದು ಹೋಗುತ್ತದೆ, ಹಾಳೆಯ ಆಚೆಗೆ. ಆಚೆ ಎಂದರೆ ಮೂಗು.

ಮುಗೀತಾ ಸಾರ್ ಪರದೆ ನೋಡಿದರು. "ಒಂದು ಮಾಡೆಲ್ ನಂಬ್ಕೊಂಡು ಟ್ರಯಲ್ ನಿಲ್ಸೋಕಾಗುತ್ತಾ?"

"ಶುರು ಮಾಡಿದ್ದೂ ಒಂದು ಮಾಡೆಲ್ ನಂಬ್ಕೊಂಡೇ ಅಲ್ವಾ ಸಾರ್."

ಅವರು ಪರದೆ ತಾವೇ ಆರಿಸಿದರು.

ಸಂಜೆ ಹಳೆಯ ಮಾಸ್ಕನ್ನು ಅಕ್ಕನ ಚೀಲಕ್ಕೆ ತುರುಕಿದೆ. ಅವಳು ತೆಗೆದು ಮೇಜಿನ ಮೇಲಿಟ್ಟಳು.

"ಥಿನ್ನರ್ ಒಳಗೆ ಬಂದ್ರೆ ವಾಸನೆ ಬರಲ್ವೇನೇ? ಬಂದ ದಿನ ತೆಗೆದು ಬಿಸಾಕ್ತೀನಿ. ನನ್ನ ಮೂಗು ನಿನ್ನ ಕಂಪ್ಯೂಟರಿಗಿಂತ ಚುರುಕು."

ಏಪ್ರಿಲ್ 12

ಮತ್ತೆ ಹೇಳಿದೆ. ಜಗಳ. ಭಾವನೂ ಅವಳ ಕಡೆಗೇ. ತಲೆನೋವೆಂದು ಬೇಗ ಮಲಗಿದಳು. ಬಿಸಿಲಿಗಂತೆ.

ಏಪ್ರಿಲ್ 21, ಸಂಜೆ

ಅಕ್ಕ ಲ್ಯಾಬಿಗೆ ಫೋನ್ ಮಾಡಿದ್ದಳು. ದನಿಯಲ್ಲಿ ಗೆಲುವು. "ಒಂಚೂರೂ ವಾಸನೆ ಇಲ್ಲ ಕಣೇ. ಮೊದಮೊದಲು ಸ್ವಲ್ಪ ಬರ್ತಿತ್ತು, ನೀನು ಕುಣೀತೀಯ ಅಂತ ಹೇಳಿರ್ಲಿಲ್ಲ. ಈಗ ಅದೂ ಇಲ್ಲ. ಬಾ, ಕಾಫಿಗಿಟ್ಟಿರ್ತೀನಿ."

ಮನೆಗೆ ಹೋದೆ. ಗೇಟಿನ ಹತ್ತಿರವೇ ಸೀದ ವಾಸನೆ. ಒಳಗೆ ಹಾಲು ಪೂರ್ತಿ ಇಂಗಿ ಪಾತ್ರೆಯ ತಳ ಕಪ್ಪಾಗಿತ್ತು. ಅಕ್ಕ ಒಲೆಗೆ ಬೆನ್ನು ಹಾಕಿ, ಎರಡಡಿ ದೂರದಲ್ಲಿ ಕೂತು ಬಟ್ಟೆ ಮಡಿಸುತ್ತಿದ್ದಳು. ನನ್ನನ್ನು ನೋಡಿ ನಕ್ಕಳು. ಒಲೆ ಆರಿಸಿದೆ. ಕೇಳಿದೆ — ಅಕ್ಕಾ, ನಿಂಗೆ ಏನಾದ್ರೂ ವಾಸನೆ ಬರ್ತಿದೆಯಾ? "ಯಾವ ವಾಸನೆ?" ಎಂದಳು.