ಅತ್ತೆಯ ಹೆಸರಿನ ದನಗಳು

ಜನವರಿ 3, ಬೆಳಗ್ಗೆ

ಮತ್ತೆ ಹಳ್ಳದ ಐಸು ಒಡೆದಾಯಿತು. ನಿನ್ನೆ ಕೊಡಲಿಯಲ್ಲಿ ಕಡಿದು ಬಿಡಿಸಿದ ಬಾಯಿ ರಾತ್ರಿಗೇ ಮುಚ್ಚಿಕೊಂಡಿತ್ತು. ದನ ಸುತ್ತ ನಿಂತು ನನ್ನನ್ನೇ ನೋಡುತ್ತಿದ್ದವು, ತಡವಾಯಿತಲ್ಲ ಎನ್ನುವ ಹಾಗೆ. ನೀರು ಚಿಮ್ಮಿ ಪ್ಯಾಂಟಿಗೆ ಬಿತ್ತು. ಮನೆ ತಲುಪುವಷ್ಟರಲ್ಲಿ ತಗಡು.

ಒಲೆಯ ಮೇಲೆ ಟ್ರ್ಯಾಕ್ಟರಿನ ಆಯಿಲ್. ಈ ಚಳಿಗೆ ಸಂಜೆ ಇಳಿಸಿಟ್ಟು ಬೆಳಗ್ಗೆ ಕಾಯಿಸಿ ಹುಯ್ಯದಿದ್ದರೆ ಎಂಜಿನ್ ಕೆಮ್ಮುವುದೂ ಇಲ್ಲ. ಅತ್ತೆ ಮೂಗಿಗೆ ಏಪ್ರನ್ ಹಿಡಿದು ಕೂತಿದ್ದಾರೆ.

"ಕಾಫಿ ಕಾಯಿಸೋ ಒಲೆ ಮೇಲೆ ಈ ಗಲೀಜು. ನನ್ ಮಗ ಇದ್ದಿದ್ರೆ ಹೀಗೆಲ್ಲ ಆಗ್ತಿರ್ಲಿಲ್ಲ."

"ಲಾರ್ನೂ ಇದೇ ಒಲೆ ಮೇಲೇ ಕಾಯಿಸ್ತಿದ್ದ, ಅತ್ತೆ. ಆಗ ನಿಮಗೆ ವಾಸನೆ ಬರ್ತಿರ್ಲಿಲ್ಲ."

ಪಕ್ಕದ ರ‍್ಯಾಂಚಿನ ಎಮಿಲ್‌ಗಾಗಿ ಕಾಯುತ್ತಿದ್ದೇನೆ. ಟ್ರ್ಯಾಕ್ಟರು ಅವನದೂ ಹೌದು, ನಮ್ಮದೂ ಹೌದು — ಎರಡು ಮನೆ ಸೇರಿ ಕೊಂಡದ್ದು. ಹೆಂಡತಿಯನ್ನೂ ಹಾಗೇ ಹಂಚಿಕೊಳ್ಳಬಹುದು ಎಂದು ನನ್ನ ಗಂಡನಿಗೆ ಅನ್ನಿಸಿತೇನೋ. ನವೆಂಬರಿನಲ್ಲಿ ಕರುಗಳನ್ನು ಸಂತೆಗೆ ಒಯ್ದ ಲಾರ್ನ್ ವಾಪಸು ಬರಲಿಲ್ಲ. ಅದೇ ಮಧ್ಯಾಹ್ನ ಹಲ್ಲಿನ ಡಾಕ್ಟರ ಹತ್ತಿರ ಹೋಗಿಬರುತ್ತೇನೆಂದು ಹೊರಟ ಎಮಿಲ್‌ನ ಹೆಂಡತಿ ವಿಲ್ಮಾ ಕೂಡ ಬರಲಿಲ್ಲ. ಈಗ ಇಬ್ಬರೂ ಕ್ಯಾಲ್ಗರಿ ನಗರದಲ್ಲಿ, ಒಂದೇ ಬಾಡಿಗೆ ಮನೆಯಲ್ಲಿ. ಇಲ್ಲಿ ಹಿಮದಲ್ಲಿ ಉಳಿದವರು ನಾನು, ಎಮಿಲ್, ಅತ್ತೆ. ಮತ್ತೆ ಗಬ್ಬದ ಹಸುಗಳ ಒಂದು ಹಿಂಡು.

ಜನವರಿ 5

ಎಮಿಲ್ ಟ್ರ್ಯಾಕ್ಟರ್ ಓಡಿಸಿದ. ನಾನು ಹಿಂದೆ, ಹಿಮದಲ್ಲಿ ಜಾರುವ ಸ್ಲೆಡ್ಜಿನ ಮೇಲೆ ನಿಂತು ಹುಲ್ಲಿನ ಕಟ್ಟುಗಳ ಹುರಿ ಕತ್ತರಿಸಿ ಎಸೆದೆ. ಗಾಳಿ. ಮುಖ ಇದೆಯೋ ಇಲ್ಲವೋ ಮುಟ್ಟಿ ನೋಡಿಕೊಳ್ಳಬೇಕು.

ಮುಗಿಸಿ ಬಾಗಿಲಿಗೆ ಬಂದರೆ ಅತ್ತೆ ಅವನನ್ನು ಒಳಗೆ ಕರೆಯಲಿಲ್ಲ.

"ಹೊಸ ವರ್ಷದ ಶುಭಾಶಯ ಅಮ್ಮಾ," ಎಂದ.

"ಹೆಂಡ್ತೀನ ಕಟ್ಟಿ ಹಾಕ್ಕೊಳ್ಳೋಕೆ ಬರ್ಲಿಲ್ಲ ನಿಂಗೆ. ಶುಭಾಶಯ ಬೇರೆ."

"ಕಟ್ಟೇ ಹಾಕಿದ್ದೆ ಅಮ್ಮಾ. ನಿಮ್ಮ ಮಗ ಹಗ್ಗ ಸಮೇತ ಬಿಚ್ಕೊಂಡು ಹೋದ."

ತಾನೇ ನಕ್ಕ. ಆಮೇಲೆ ಕೈಗವಸಿನಲ್ಲಿ ಬಹಳ ಹೊತ್ತು ಮೂಗು ಒರೆಸಿಕೊಂಡ. ಕಾಫಿ ಹೊರಗೇ ಕೊಟ್ಟೆ. ಲೋಟ ಅವನ ಕೈಯಲ್ಲೇ ಆರಿತು.

ಜನವರಿ 12, ಸಂಜೆ

ಫೋನ್ ಬಂತು. ಎಂಟು ಮನೆಗೆ ಒಂದೇ ತಂತಿ. ಉದ್ದ ಒಂದು, ಗಿಡ್ಡ ಎರಡು — ನಮ್ಮ ಗಂಟೆ. ಎತ್ತಿದೊಡನೆ ಟಕ್, ಟಕ್, ಟಕ್. ಊರೆಲ್ಲ ಫೋನೆತ್ತಿ ಕಿವಿ ಹಚ್ಚಿತು.

"ಆರ್ಡಿಸ್? ನಾನು. ದನ ಹೇಗಿವೆ?"

"ನಾನು ಚೆನ್ನಾಗಿದೀನಿ, ಲಾರ್ನ್."

"ನೋಡು, ಸುತ್ತಿ ಬಳಸಿ ಹೇಳಲ್ಲ. ಹಿಂಡು ಮಾರಿದೀನಿ. ಮಾರ್ಚಲ್ಲಿ ಹಿಮ ಸರಿದು ರಸ್ತೆ ತೆರೆದ ಮೇಲೆ ಲಾರಿ ತರ್ತೀನಿ. ಅಲ್ಲೀವರೆಗೂ ಮೇವು ಸರಿಯಾಗಿ ಹಾಕು. ಸೊರಗಿದ್ರೆ ಕೊಂಡೋನು ತಗೊಳ್ಳಲ್ಲ."

"ಯಾರ ದನ ಮಾರಿದೀಯ?"

"ನಮ್ಮದು."

"ನಮ್ಮದು ಅಂದ್ರೆ ಯಾರ್ದು?"

"ಅಮ್ಮಂಗೆ ಫೋನ್ ಕೊಡು."

ಆಗ ತಂತಿಯಲ್ಲಿ ಇನ್ನೊಂದು ದನಿ. ಹಳ್ಳದಾಚೆಯ ಹೇಜಲ್. "ಥೂ, ನಾಚಿಕೆಗೆಟ್ಟವನೇ!"

"ಹೇಜಲ್, ಇದು ಮನೆ ವಿಷಯ. ಫೋನಿಡು."

"ನೀನು ಮನೇಲಿದ್ದಿದ್ರೆ ಇಡ್ತಿದ್ದೆ ಕಣೋ."

ಅತ್ತೆ ಬಂದು ಕಿತ್ತುಕೊಂಡರು. "ಊಟ ಮಾಡ್ತಿದೀಯಾ ಮಗಾ? ಉಣ್ಣೆ ಒಳಂಗಿ ಹಾಕ್ಕೋತಿದೀಯಾ?" ಆಮೇಲೆ ಅಳು. ನಾನು ಕೊಟ್ಟಿಗೆಗೆ ಹೋದೆ. ಅಲ್ಲೇನೂ ಕೆಲಸವಿರಲಿಲ್ಲ.

ಜನವರಿ 17

ಪಟ್ಟಣಕ್ಕೆ ಹೋಗಿ ವಕೀಲರನ್ನು ಕಂಡೆ. ಅವರ ಕೋಣೆ ಎಷ್ಟು ಬೆಚ್ಚಗಿತ್ತೆಂದರೆ ನಿದ್ದೆ ಬಂತು.

"ದನದ ತೊಡೆ ಮೇಲೆ ಒಡೆತನದ ಗುರುತಿಗೆ ಹಾಕಿದ ಬರೆ ಯಾರದು?"

"ಮಾವಂದು. ಅವರು ಹೋದ ಮೇಲೆ ಅತ್ತೆ ಹೆಸರಿಗೆ ಬಂತು. ಗಂಡ ಸೋಮಾರಿ, ಬದಲಾಯಿಸಿಕೊಳ್ಳಲೇ ಇಲ್ಲ."

"ಹಾಗಾದ್ರೆ ದನ ನಿಮ್ಮ ಗಂಡಂದೂ ಅಲ್ಲ, ನಿಮ್ಮದೂ ಅಲ್ಲ. ಅತ್ತೇದು. ಲಾರಿಗೆ ಹತ್ತಿಸೋವಾಗ ಬರೆ ನೋಡೋ ಇನ್‌ಸ್ಪೆಕ್ಟರ್ ಅವರನ್ನೇ ಕೇಳ್ತಾರೆ."

"ಇಪ್ಪತ್ತೆರಡು ವರ್ಷ ಈ ಕೈಯಲ್ಲಿ..."

"ಹೆಂಡತಿ ಅಂದ ಮೇಲೆ ಅದೆಲ್ಲ ಇದ್ದದ್ದೇ ಅಂತಾರೆ ಜಡ್ಜು. ಕೋರ್ಟಿಗೆ ಬರೋದಕ್ಕಿಂತ ಅತ್ತೆ ಹತ್ರ ಚೆನ್ನಾಗಿರಿ, ಅಮ್ಮಾ."

ದಾರಿಯುದ್ದಕ್ಕೂ ಅದೇ. ಅತ್ತೆ ಹತ್ರ ಚೆನ್ನಾಗಿರಿ. ಅತ್ತೆ ಹತ್ರ ಚೆನ್ನಾಗಿರಿ.

ಜನವರಿ 18

ಕೇಳಿಬಿಟ್ಟೆ. ಅತ್ತೆ ಕಾಲುಚೀಲ ಹೆಣೆಯುತ್ತಿದ್ದರು. ಯಾರ ಕಾಲಿನ ಅಳತೆಯೆಂದು ನೋಡಿದರೇ ತಿಳಿಯುತ್ತಿತ್ತು.

"ಅತ್ತೆ, ಇನ್‌ಸ್ಪೆಕ್ಟರ್ ಬಂದಾಗ ಏನಂತೀರಿ?"

"ಹೊಟ್ಟೇಲಿ ಹುಟ್ಟಿದವನಿಗೆ ಇಲ್ಲ ಅನ್ನಲಾ?"

"ನನ್ನ ಕಥೆ?"

ಸೂಜಿ ನಿಲ್ಲಲಿಲ್ಲ. "ನಿಂಗೊಂದು ಮಗು ಆಗಿದ್ದಿದ್ರೆ ಅವನು ಮನೆ ಬಿಟ್ಟು ಹೋಗ್ತಿರ್ಲಿಲ್ಲ. ಆಗ ಈ ಪ್ರಶ್ನೇನೇ ಬರ್ತಿರ್ಲಿಲ್ಲ."

ಮೂರು ಸಲ ಬಸಿರು ನಿಂತದ್ದು. ಮೂರು ಸಲವೂ ಹೋದದ್ದು. ಕೊನೆಯದು ಇಂಥದೇ ಚಳಿಯಲ್ಲಿ, ಹುಲ್ಲಿನ ಸ್ಲೆಡ್ಜಿನ ಮೇಲೆ. ಅವತ್ತು ನನ್ನ ಬಟ್ಟೆ ಒಗೆದವರು ಇದೇ ಅತ್ತೆ. ಮರೆತಿದ್ದಾರೆಯೇ? ಇಲ್ಲ. ಮರೆತಿದ್ದರೆ ಅಷ್ಟು ಸರಿಯಾಗಿ ಅಲ್ಲಿಗೇ ಚುಚ್ಚುತ್ತಿರಲಿಲ್ಲ.

ಊಟಕ್ಕೆ ಬಡಿಸಿದೆ. ಮಾಂಸ ಗಟ್ಟಿ ಎಂದರು. ಸಣ್ಣಗೆ ಹೆಚ್ಚಿಕೊಟ್ಟೆ.

ಜನವರಿ 30

ಹುಲ್ಲು ಹಾಕಿ ಮುಗಿದ ಮೇಲೆ ಎಮಿಲ್ ಕೆಳಗಿಳಿದು ಟೋಪಿ ತೆಗೆದ. ಈ ಚಳಿಯಲ್ಲಿ! ಯಾರೋ ಸತ್ತರು ಎಂದುಕೊಂಡೆ.

"ನೋಡು ಆರ್ಡಿಸ್. ಎರಡು ಮನೆ, ಎರಡು ಒಲೆ. ನಾನೊಬ್ಬನೇ ಡಬ್ಬಿ ಬೀನ್ಸ್ ಬಿಸಿ ಮಾಡ್ಕೊಂಡು ತಿಂತೀನಿ. ಎರಡೂ ಕಡೆ ಇದ್ದಿಲು ಯಾಕೆ ದಂಡ?"

"ಏನು ಹೇಳ್ತಿದೀಯ?"

"ಊರೋರು ಹೆಂಗೂ ಆಡ್ಕೋತಿದಾರೆ. ನಿಜ ಮಾಡಿಬಿಟ್ರೆ ಅವ್ರ ಬಾಯಾದ್ರೂ ಮುಚ್ಚತ್ತೆ."

"ಅವ್ರಿಬ್ರೂ ಬಿಟ್ಟುಹೋದ ಸಾಮಾನು ನಾವು. ಒಂದೇ ಮೂಲೇಲಿ ಜೋಡಿಸಿಡೋಣ ಅಂತೀಯಾ? ನಂಗೆ ಗಂಡ ಬೇಡ ಎಮಿಲ್. ಟ್ರ್ಯಾಕ್ಟರ್ ಬೇಕು."

ಟೋಪಿ ಹಾಕಿಕೊಂಡ. ಕಿವಿ ಕೆಂಪಗಾಗಿತ್ತು, ಚಳಿಗೋ ಮತ್ತೆ ಯಾತಕ್ಕೋ. ಮೆತ್ತಗೆ ಹೇಳಬಹುದಿತ್ತು. ನನ್ನಲ್ಲಿ ಮೆತ್ತಗಿನದೆಲ್ಲ ಮುಗಿದಿದೆ.

ಫೆಬ್ರವರಿ 2

ಎಮಿಲ್ ಬರಲಿಲ್ಲ. ನಿನ್ನೆಯೂ ಇಲ್ಲ. ಟ್ರ್ಯಾಕ್ಟರನ್ನೂ ಒಯ್ದು ತನ್ನ ಶೆಡ್ಡಿನಲ್ಲಿಟ್ಟಿದ್ದಾನೆ. ಮುದಿ ಕುದುರೆಗೆ ಸ್ಲೆಡ್ಜು ಕಟ್ಟಿ ಒಬ್ಬಳೇ ಎಳೆಸಿದೆ. ಅರ್ಧ ದನಕ್ಕೆ ಸಿಕ್ಕಿತು. ಉಳಿದರ್ಧ ಕೂಗುತ್ತಿವೆ. ಮನೆಯೊಳಗೂ ಕೇಳಿಸುತ್ತದೆ. ಅತ್ತೆ ರೇಡಿಯೋ ಜೋರು ಮಾಡಿದರು.

ಫೆಬ್ರವರಿ 4

ಅದೇ.

ಫೆಬ್ರವರಿ 11

ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಬರೆಯುತ್ತಿದ್ದೇನೆ. ಬೆರಳು ಮಡಚುವುದಿಲ್ಲ.

ಗುರುವಾರ ಬೆಳಗ್ಗೆ ಬಿರುಗಾಳಿ. ಕಿಟಕಿಯಿಂದ ಕೊಟ್ಟಿಗೆ ಕಾಣಲಿಲ್ಲ. ಆಮೇಲೆ ಅಂಗಳದ ಪಂಪೂ ಕಾಣಲಿಲ್ಲ. ದನ ಗಾಳಿಗೆ ಬೆನ್ನು ಕೊಟ್ಟು ನಡೆಯುತ್ತವೆ, ಬೇಲಿ ತಡೆಯುವವರೆಗೂ. ತೆಂಕಣ ಮೂಲೆಯ ಬೇಲಿಗೆ ಹೋಗಿ ಒತ್ತಿಕೊಂಡಿರುತ್ತವೆ ಎಂದು ಗೊತ್ತಿತ್ತು.

ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಹೋಗ್ಬೇಡ ಕಣೆ. ದನಕ್ಕಾಗಿ ಸಾಯ್ತಾರಾ ಯಾರಾದ್ರೂ?"

"ನಿಮ್ಮ ದನ ಅತ್ತೆ. ನಿಮ್ಮ ಮಗ ಮಾರಿರೋ ದನ. ಸೊರಗಬಾರದಂತೆ."

ಬೇಲಿಯ ತಂತಿ ಹಿಡಿದುಕೊಂಡೇ ಹೋದೆ. ಮೂಲೆಯಲ್ಲಿ ಒಂದರ ಮೇಲೊಂದು ಒತ್ತಿ ನಿಂತಿದ್ದವು. ಬಿಟ್ಟ ಉಸಿರು ಅಲ್ಲೇ ಹೆಪ್ಪುಗಟ್ಟಿ ಮೂಗು, ಬಾಯಿ, ಕಣ್ಣು ಎಲ್ಲ ಐಸಿನೊಳಗೆ. ನಿಂತಲ್ಲೇ ಉಸಿರು ಕಟ್ಟಿ ಸಾಯುತ್ತಿದ್ದವು. ಗವಸು ಹಾಕಿದ ಕೈಗೆ ಹಿಡಿತ ಸಿಗದು. ಕಿತ್ತೆಸೆದೆ. ಬರಿಗೈಯಲ್ಲಿ ಒಂದೊಂದೇ ಮೂತಿ ಒಡೆದೆ. ಒಡೆದೊಡನೆ ಭುಸ್ಸೆಂದು ಉಸಿರು ಎಳೆಯುವುವು. ಬಿಸಿ ಉಸಿರು ಕೈಗೆ ತಾಗಿದ್ದು ಮೊದಮೊದಲು ತಿಳಿಯುತ್ತಿತ್ತು. ಆಮೇಲೆ ತಿಳಿಯಲಿಲ್ಲ.

ತಂತಿ ಕತ್ತರಿಸಿದರೆ ಆಚೆಯ ಕಣಿವೆಗೆ ಇಳಿಯುತ್ತವೆ, ಅಲ್ಲಿ ಗಾಳಿಯಿಲ್ಲ. ಇಕ್ಕಳ ಜೇಬಿನಲ್ಲಿತ್ತು. ಅದುಮಲು ಬೆರಳಿನಲ್ಲಿ ಬಲವೇ ಇಲ್ಲ. ಹಲ್ಲಿನಿಂದ ಅದುಮಲು ನೋಡಿದೆ. ತುಟಿಯ ಚರ್ಮ ಕಬ್ಬಿಣಕ್ಕೆ ಅಂಟಿ ಕಿತ್ತು ಬಂತು.

ಆಗ ಟ್ರ್ಯಾಕ್ಟರಿನ ಸದ್ದು. ಎಮಿಲ್. ಇಕ್ಕಳ ಕಿತ್ತುಕೊಂಡು ಟಣ್, ಟಣ್, ಟಣ್ ಎಂದು ಎಲ್ಲ ಎಳೆ ಕತ್ತರಿಸಿದ. ದನ ನುಗ್ಗಿ ಇಳಿದವು. ಕೆಳಗೆ ಬಿದ್ದು ತುಳಿತಕ್ಕೆ ಸಿಕ್ಕವು ಅಲ್ಲೇ ಉಳಿದವು. ಹನ್ನೊಂದು.

"ಯಾಕೆ ಬಂದೆ?" ಎಂದು ಕೇಳಿದೆ.

"ಟ್ರ್ಯಾಕ್ಟರ್ ಬೇಕು ಅಂದಿದ್ಯಲ್ಲ."

ಮನೆಯಲ್ಲಿ ಅತ್ತೆ ನನ್ನ ಕೈಗಳನ್ನು ಉಗುರು ಬೆಚ್ಚಗಿನ ನೀರಿನಲ್ಲಿಟ್ಟು ಹಿಡಿದುಕೊಂಡರು. ರಕ್ತ ಮರಳುವಾಗ ಕಿರುಚಿದೆ. ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡು "ಆಯ್ತು, ಆಯ್ತು" ಎಂದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ನನಗೂ ಅಳು ಬಂತು.

ಆಮೇಲೆ ಹೇಳಿದರು: "ಹನ್ನೊಂದು ಹೋದ್ವಲ್ಲ. ಲಾರ್ನ್‌ಗೆ ಏನು ಹೇಳೋದು?"

ಕೈ ಬಿಡಿಸಿಕೊಂಡೆ.

ಮಾರ್ಚ್ 6

ಲಾರಿಗಳು ಬಂದವು, ಜೊತೆಗೆ ದನ ಕೊಂಡವನು, ಬರೆ ನೋಡುವ ಇನ್‌ಸ್ಪೆಕ್ಟರ್. ಮುಂದೆ ಲಾರ್ನ್, ತನ್ನ ಕಾರಿನಲ್ಲಿ, ಹೊಸ ಕೋಟಿನಲ್ಲಿ. ಎಮಿಲ್ ಬೆಳಗ್ಗೆಯೇ ಬಂದು ಗೇಟಿನ ಬಳಿ ನಿಂತಿದ್ದ. ಇವತ್ತು ಏನಾದರೂ ಆಗುತ್ತದೆ ಎಂದುಕೊಂಡೆ.

"ಈ ಸಲ ಹಿಮ ಜಾಸ್ತಿ," ಎಂದ ಲಾರ್ನ್.

"ಹೂಂ. ಹೋದ ವರ್ಷ ಇಷ್ಟಿರ್ಲಿಲ್ಲ," ಎಂದ ಎಮಿಲ್.

"ಟ್ರ್ಯಾಕ್ಟರ್ ಹೆಂಗಿದೆ?"

"ಬ್ಯಾಟರಿ ಸ್ವಲ್ಪ ವೀಕು."

ಅಷ್ಟೇ. ಒಬ್ಬ ಇನ್ನೊಬ್ಬನ ಹೆಂಡತಿಯನ್ನು ಒಯ್ದಿದ್ದಾನೆ. ಬ್ಯಾಟರಿ ವೀಕು!

ಅತ್ತೆ ಹೊರಗೆ ಬಂದರು. ಚರ್ಚಿಗೆ ಹೋಗುವ ಟೋಪಿ, ಮಾವನ ದೊಡ್ಡ ಕೋಟು. ಕೈಯಲ್ಲಿ ಸೂಟ್‌ಕೇಸು. ನನಗೆ ಅರ್ಥವಾಗಲಿಲ್ಲ.

ಇನ್‌ಸ್ಪೆಕ್ಟರ್ ಟೋಪಿ ಮುಟ್ಟಿಕೊಂಡ. "ಮಿಸೆಸ್ ಹೌಗನ್, ಬರೆ ನಿಮ್ಮ ಹೆಸರಲ್ಲಿದೆ. ಇವು ನಿಮ್ಮ ಒಪ್ಪಿಗೆ ಮೇಲೇ ಹೋಗ್ತಿವೆಯಾ?"

ಅತ್ತೆ ನನ್ನ ಕೈಯ ಬ್ಯಾಂಡೇಜಿನ ಕಡೆ ನೋಡಿದರು. ನೋಡಿಯೇ ಹೇಳಿದರು: "ಹೌದು. ಮಗನಿಗೆ ಕೊಟ್ಟಿದೀನಿ."

ಹತ್ತಿಸಿದರು. ಎಮಿಲ್ ಕೂಡ ಕೋಲು ಹಿಡಿದು ಸಹಾಯ ಮಾಡಿದ. ಬಿರುಗಾಳಿಯಲ್ಲಿ ಕಿವಿ ಉದುರಿದ್ದು, ಗೊರಸು ಒಡೆದದ್ದು, ಕೆಚ್ಚಲು ಚಳಿಗೆ ಸುಟ್ಟಂತಾದದ್ದು — ಏಳು ಹಸು. ಕೊಂಡವನು "ಇವು ಬೇಡ" ಎಂದು ಪಕ್ಕಕ್ಕೆ ತಳ್ಳಿದ.

ಕೊನೆಯ ಬಾಗಿಲು ಮುಚ್ಚಿದ ಮೇಲೆ ಅತ್ತೆ ಹೋಗಿ ಲಾರ್ನ್‌ನ ಕಾರಿನ ಬಾಗಿಲ ಹಿಡಿಕೆಗೆ ಕೈ ಹಾಕಿದರು.

"ಏನಮ್ಮಾ?"

"ಹೊರಡೋಣ ಅಲ್ವಾ?"

"ಎಲ್ಲಿಗೆ?"

"ನಿನ್ ಜೊತೆ."

ಲಾರ್ನ್ ನನ್ನ ಕಡೆ ನೋಡಿದ, ನಾನೇನೋ ಸಹಾಯ ಮಾಡುವವಳ ಹಾಗೆ. "ಮನೆ ಚಿಕ್ಕದಮ್ಮ. ವಿಲ್ಮಾಗೂ ಒಂಥರಾ... ಬೇಸಿಗೆಗೆ ನೋಡೋಣ. ಇಲ್ಲಿ ಆರ್ಡಿಸ್ ಇದಾಳಲ್ಲ."

ಹೊರಟುಹೋದ. ಇನ್‌ಸ್ಪೆಕ್ಟರ್ ತನ್ನ ಬೂಟು ನೋಡಿಕೊಂಡ. ಅತ್ತೆ ಹಿಮದಲ್ಲಿ ನಿಂತೇ ಇದ್ದರು. ನನಗೆ ಖುಷಿಯಾಯಿತು. ಸುಳ್ಳು ಹೇಳಲಾರೆ, ಆಯಿತು. ಸೂಟ್‌ಕೇಸನ್ನು ನಾನು ಎತ್ತಲಿಲ್ಲ. ಎಮಿಲ್ ಎತ್ತಿ ಒಳಗಿಟ್ಟ.

ಮಾರ್ಚ್ 7

ಎಮಿಲ್ ಬಂದ. "ನಿನ್ನೆ ಅವನಿಗೆ ಹೊಡೀಬೇಕು ಅಂತಾನೇ ಬಂದಿದ್ದೆ ಮಾರಾಯ್ತಿ. ಕೈ ಏಳ್ಲಿಲ್ಲ."

"ಬ್ಯಾಟರಿ ವಿಷಯ ಮಾತಾಡ್ದೆ."

"ಮಾತಾಡ್ದೆ. ಹಾಳು ಬಾಯಿ."

ಸೋಮವಾರ ಬಸ್ಸು ಹತ್ತಿ ಅಕ್ಕನ ಮನೆಗೆ ಹೋಗುತ್ತೇನೆ ಎಂದೆ. ನಿಲ್ದಾಣಕ್ಕೆ ಕರೆದೊಯ್ಯುತ್ತೀಯಾ ಎಂದು ಕೇಳಿದೆ.

"ಮುದುಕಿ?"

"ಅವರ ಮಗ ಇದಾನಲ್ಲ."

ಬೆಳಗ್ಗೆ ಎಂಟಕ್ಕೆ ಬರ್ತೀನಿ ಎಂದ.

ಮಾರ್ಚ್ 9, ಭಾನುವಾರ

ಮೂರು ದಿನವಾಯಿತು, ಅತ್ತೆ ಸೂಟ್‌ಕೇಸು ಬಿಚ್ಚಿಲ್ಲ. ಈಗ ಕಾಫಿಯ ಹೊತ್ತಿಗೆ ಬಂದು ಎದುರು ಕೂತರು.

"ಉಳಿದಿರೋ ಏಳು ನೀನಿಟ್ಕೋ. ಇನ್‌ಸ್ಪೆಕ್ಟರ್‌ಗೆ ಫೋನ್ ಮಾಡಿ ಹೇಳಿದೀನಿ. ಹೇಜಲ್ಲೂ ಕೇಳಿಸ್ಕೊಂಡಿದಾಳೆ, ಸಾಕ್ಷಿಗೆ."

"ಯಾರಿಗೂ ಬೇಡದ್ದು ನಂಗಾ?"

"ಹೂಂ." ಕಪ್ಪನ್ನು ತಟ್ಟೆಯ ಮೇಲೆ ತಿರುಗಿಸುತ್ತ ಕೂತರು. "ನಾನೂ ಸೇರಿ."

ಆಗಲಿ ಎಂದು ಅಷ್ಟು ಸುಲಭಕ್ಕೆ ಅನ್ನುವವಳಲ್ಲ ನಾನು. ಅವತ್ತು ನನ್ನ ಕೈ ನೋಡಿಯೇ "ಹೌದು" ಎಂದವರು. ಮಗ ಕಾರಿನ ಬಾಗಿಲು ತೆಗೆದಿದ್ದರೆ ಇವತ್ತು ನನ್ನ ನೆನಪೂ ಇರುತ್ತಿರಲಿಲ್ಲ.

ಅದೇ ದಿನ, ಮಧ್ಯಾಹ್ನ

ಕೊಟ್ಟಿಗೆಯಲ್ಲಿ ಕಿವಿ ಉದುರಿದ ಹಸುವಿಗೆ ಬೆಳಗ್ಗೆಯಿಂದ ಕರು ಹಾಕುವ ನೋವು. ಕರು ಬರುತ್ತಿಲ್ಲ. ಕೈ ಒಳಗೆ ಹಾಕಿ ನೋಡಿದೆ. ಬೆರಳಿಗೆ ಏನೂ ಗೊತ್ತಾಗುವುದಿಲ್ಲ, ತಲೆಯೋ ಬಾಲವೋ. ಎಮಿಲ್ ಮನೆಯಲ್ಲಿ ಫೋನ್ ಎತ್ತುವವರಿಲ್ಲ.

ಅತ್ತೆ ಹಿಂದೆಯೇ ಬಂದಿದ್ದರು. ಕೋಟು ಕಳಚಿ ತೋಳು ಮೇಲಕ್ಕೆ ಮಡಚಿದರು. "ಸರಿ ಆ ಕಡೆ. ನನ್ ಕೈ ಸಣ್ಣದು."

ನಾನು ನೀರು ಕಾಯಿಸಲು ಒಳಗೆ ಬಂದೆ. ಕುದಿಯುವವರೆಗೆ ಇಷ್ಟು ಬರೆದೆ. ನನ್ನ ಪೆಟ್ಟಿಗೆ ಬಾಗಿಲ ಬಳಿಯೇ ಇದೆ. ನಾಳೆ ಎಂಟಕ್ಕೆ ಎಮಿಲ್ ಬರುತ್ತಾನೆ. ಬರಬೇಡ ಎಂದು ಹೇಳಿಲ್ಲ. ಹೇಳುತ್ತೇನೋ ಇಲ್ಲವೋ —

ಅತ್ತೆ ಕೂಗುತ್ತಿದ್ದಾರೆ. "ಆರ್ಡಿಸ್! ಕಾಲು ಸಿಕ್ತು ಕಣೆ, ಹಿಂಗಾಲು! ಹಗ್ಗ ತಗೊಂಡು ಓಡಿ ಬಾ, ಒಬ್ಳೇ ಎಳೆಯೋಕಾಗಲ್ಲ ನನ್..."

ಹಗ್ಗ ಎಲ್ಲಿ